ಕಾಡು ಸವರಲು ಯಾವ ಕತ್ತಿ? ಕಡಿಮೆ ಬೆಲೆಯಲ್ಲಿ ಬಾಳಿಕೆಯದನ್ನು ಆರಿಸುವ ಬಗೆ

ಕಾಸರಗೋಡು: ಮಳೆಗಾಲ ಮುಗಿದು ಬಿಸಿಲು ಬಲಿಯುತ್ತಿದ್ದಂತೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರು ಕಡೆಯ ಗುಡ್ಡೆಗಳಲ್ಲಿ ಕಾಡು ಸವರುವ ಕೆಲಸ ಶುರುವಾಗುತ್ತದೆ. ಫೆಬ್ರವರಿ ಹೊತ್ತಿಗೆ ಗೇರುಬೀಜ ಉದುರತೊಡಗಿದಾಗ ಮರದ ಬುಡ ಚೊಕ್ಕವಾಗಿರದಿದ್ದರೆ ಬಿದ್ದ ಬೀಜ ಕಣ್ಣಿಗೆ ಕಾಣದು. ಈ ಕೆಲಸಕ್ಕೆ ಮೊದಲು ಬೇಕಾದುದು ಒಳ್ಳೆಯ ಕತ್ತಿ. ಬರೀ ಬೆಲೆ ನೋಡಿ ತಂದ ಕತ್ತಿಯ ಅಲಗು ಎರಡನೇ ದಿನವೇ ಮಡಚಿಕೊಂಡರೆ ಅಥವಾ ಬೀಸುವಾಗ ಹಿಡಿಯಿಂದ ಕಳಚಿ ಹಾರಿದರೆ ನಷ್ಟ ಬರೀ ಹಣದ್ದಲ್ಲ. ಒಂದು ದಿನದ ಕೂಲಿ, ಕೆಲವೊಮ್ಮೆ ಒಂದು ಬೆರಳೇ ಹೋಗಬಹುದು.

ಮೊದಲು ಕಾಡು ನೋಡಿ

ಕತ್ತಿ ಆರಿಸುವ ಮೊದಲು ಕಡಿಯಬೇಕಾದುದು ಏನು ಎಂಬುದನ್ನು ತಿಳಿದುಕೊಳ್ಳಬೇಕು. ಲಂಟಾನದ ಬುಡ ಕಟ್ಟಿಗೆಯಷ್ಟು ಗಟ್ಟಿ. ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಮಲಯಾಳದವರು ಕಮ್ಯುನಿಸ್ಟ್ ಪಚ್ಚ ಎನ್ನುವ ಗಿಡದ ಕಾಂಡ ಮೆದು, ಆದರೆ ಪೊದೆ ದಟ್ಟ. ಅಡಿಕೆ ತೋಟದಲ್ಲಿ ಹಬ್ಬುವ ಧೃತರಾಷ್ಟ್ರ ಪಚ್ಚ ಬರೀ ಬಳ್ಳಿ.

ಮೂತಿ ಬಾಗಿದ ಕತ್ತಿ (ಮಲಯಾಳದಲ್ಲಿ ಕೊಡುವಾಳ್, ತೆಂಕಣ ಕಡೆಯವರ ಬಾಯಲ್ಲಿ ವಾಕ್ಕತ್ತಿ) ಲಂಟಾನಕ್ಕೂ ಬಳ್ಳಿಗೂ ಹೊಂದುತ್ತದೆ. ಬಾಗಿದ ಮೂತಿಯಿಂದ ಕೊಂಬೆಯನ್ನು ಎಳೆದು ಕಡಿಯಬಹುದು. ತುದಿ ಕಲ್ಲಿಗೆ ತಾಗುವುದೂ ಕಡಿಮೆ. ಅಗಲವಾದ ನೇರ ಮಚ್ಚು ಎಳನೀರು ಕೆತ್ತಲು, ಸೌದೆ ಸೀಳಲು ಒಳ್ಳೆಯದು. ಆದರೆ ದಿನವಿಡೀ ಬೀಸಿದರೆ ಅದರ ಭಾರಕ್ಕೆ ತೋಳು ಸೋಲುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಉದ್ದದ ತೆಳು ಮ್ಯಾಚೆಟಿ ಹುಲ್ಲು, ಮೆದು ಕಾಂಡಗಳಿಗೆ ಚುರುಕು. ಲಂಟಾನದ ಬುಡಕ್ಕೆ ಬೀಸಿದರೆ ಪುಟಿದು ಬರುತ್ತದೆ. ಒಂದೇ ಕತ್ತಿ ಕೊಳ್ಳುವ ಮನೆಗೆ ಬಾಗಿದ ಮೂತಿಯದೇ ಲೇಸು. ತೂಕ ಮುಕ್ಕಾಲು ಕಿಲೋ ಆಸುಪಾಸಿನಲ್ಲಿದ್ದರೆ ಹೆಚ್ಚಿನವರ ಕೈಗೆ ಹಿತ.

ಕಬ್ಬಿಣವೋ, ಉಕ್ಕೋ?

ಅಗ್ಗದ ಕತ್ತಿಗಳಲ್ಲಿ ಹಲವು ಮೆದು ಕಬ್ಬಿಣದವು. ಅದರಲ್ಲಿ ಇಂಗಾಲದ ಅಂಶ ಶೇ. 0.25ಕ್ಕಿಂತ ಕಡಿಮೆ. ಅಂತಹ ಲೋಹವನ್ನು ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಅಲಗು ಗಟ್ಟಿಯಾಗುವುದಿಲ್ಲ. ಕುಲುಮೆಯ ಆಚಾರಿಗಳು ಜೀಪು, ಲಾರಿಗಳ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಕತ್ತಿ ಬಡಿಯುವುದಕ್ಕೆ ಕಾರಣವಿದೆ. ಆ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 0.5ರಿಂದ 0.6ರಷ್ಟಿರುತ್ತದೆ. ಸರಿಯಾಗಿ ಹದ ಕೊಟ್ಟರೆ ಅಲಗು ಮಡಚುವುದಿಲ್ಲ, ಸುಲಭವಾಗಿ ಚಕ್ಕೆ ಏಳುವುದೂ ಇಲ್ಲ.

ಅಂಗಡಿಯಲ್ಲೇ ಪರೀಕ್ಷೆ

ಕೊಳ್ಳಲು ಹೋಗುವವರು ಒಂದು ಸಣ್ಣ ಅರ ಜೇಬಿನಲ್ಲಿಟ್ಟುಕೊಂಡರೆ ಸಾಕು. ಅಂಗಡಿಯವರ ಒಪ್ಪಿಗೆ ಪಡೆದು ಹಿಡಿಯ ಹತ್ತಿರದ ಅಲಗಿಗೆ ಮೆಲ್ಲಗೆ ಅರ ಉಜ್ಜಬೇಕು. ಅರ ಸಲೀಸಾಗಿ ಕೊರೆದರೆ ಅಲಗು ಮೆದು. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಅತಿ ಗಟ್ಟಿ. ಮುರಕಲ್ಲಿಗೆ ತಾಗಿದರೆ ಚಕ್ಕೆ ಏಳಬಹುದು. ತುಸು ಒತ್ತಿದಾಗ ಮಾತ್ರ ಕಚ್ಚಿದರೆ ಹದ ಸರಿಯಿದೆ.

ಅಲಗಿನ ಅಂಚು ಎಲ್ಲಾದರೂ ನೀಲಿ ಬಣ್ಣಕ್ಕೆ ತಿರುಗಿದೆಯೇ ಎಂದೂ ನೋಡಬೇಕು. ಸಾಣೆ ಯಂತ್ರಕ್ಕೆ ಹಿಡಿದಾಗ ಸುಮಾರು 300 ಡಿಗ್ರಿ ಬಿಸಿಯಾದರೆ ಆ ಬಣ್ಣ ಬರುತ್ತದೆ. ಅಲ್ಲಿನ ಹದ ಇಳಿದಿದೆ ಎಂದೇ ಅರ್ಥ. ಕತ್ತಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬೆನ್ನಿನ ಉದ್ದಕ್ಕೂ ನೋಡಿದರೆ ಸೊಟ್ಟ ಇದೆಯೇ, ಬಿರುಕು ಇದೆಯೇ ಎಂಬುದು ಗೊತ್ತಾಗುತ್ತದೆ.

ಹಿಡಿಯಲ್ಲಿದೆ ಜೀವ

ಅಪಾಯ ಹೆಚ್ಚಾಗಿ ಬರುವುದು ಹಿಡಿಯಿಂದ. ಕತ್ತಿಯ ಬಾಲ ಮರದ ಹಿಡಿಯ ತುದಿಯವರೆಗೂ ಹೋಗಿ ಅಲ್ಲಿ ಮಡಚಿಕೊಂಡಿರಬೇಕು. ಹಿಡಿಯ ಬಾಯಿಗೆ ಲೋಹದ ಬಳೆ ಬಿಗಿಯಾಗಿರಬೇಕು. ಮರದ ಎಳೆ ಉದ್ದಕ್ಕೆ ಸಾಗಿರಬೇಕು. ಅಡ್ಡ ಎಳೆಯ ಹಿಡಿ ಬೇಗ ಸೀಳುತ್ತದೆ. ಬಣ್ಣ ದಪ್ಪವಾಗಿ ಬಳಿದಿದ್ದರೆ ಒಳಗಿನ ಬಿರುಕು ಕಾಣದು. ಅಲಗು ಚೆನ್ನಾಗಿದ್ದು ಹಿಡಿ ಮಾತ್ರ ಸಡಿಲವಿದ್ದರೆ ಕತ್ತಿಯನ್ನು ಬಿಡಬೇಕಾಗಿಲ್ಲ. ಕಡಿಮೆ ಖರ್ಚಿನಲ್ಲಿ ಬೇರೆ ಹಿಡಿ ಹಾಕಿಸಬಹುದು.

ನಿಜವಾದ ಅಗ್ಗ ಯಾವುದು?

ಕತ್ತಿಯ ಬೆಲೆಯನ್ನು ಅದು ಬಾಳುವ ವರ್ಷಗಳ ಜೊತೆ ಲೆಕ್ಕ ಹಾಕಬೇಕು. ಸ್ಪ್ರಿಂಗ್ ಪಟ್ಟಿಯ ಕತ್ತಿ ಸವೆದಾಗ ಕುಲುಮೆಗೆ ಒಯ್ದು ಅಲಗು ತಟ್ಟಿಸಿ, ಮತ್ತೆ ಹದ ಕೊಡಿಸಬಹುದು. ಸ್ಟೈನ್‌ಲೆಸ್ ಉಕ್ಕಿನದಕ್ಕೆ ತುಕ್ಕು ಕಡಿಮೆ ನಿಜ, ಆದರೆ ಊರಿನ ಕುಲುಮೆಯಲ್ಲಿ ಅದಕ್ಕೆ ಮತ್ತೆ ಹದ ಕೊಡುವುದು ಕಷ್ಟ. ಆದ್ದರಿಂದ ಹತ್ತಿರದಲ್ಲಿ ಕುಲುಮೆ ಇರುವ ಊರಿನವರಿಗೆ ಆಚಾರಿ ಬಡಿದ ಕತ್ತಿಯೇ ಕೊನೆಗೆ ಅಗ್ಗ. ಕೆಲಸ ಕೆಟ್ಟರೆ ಕೇಳಲು ಮಾಡಿದವರೇ ಎದುರಿಗಿರುತ್ತಾರೆ ಎಂಬುದೂ ಸಣ್ಣ ಲಾಭವಲ್ಲ. ಮನೆಯಲ್ಲಿ ಮಾಡಬೇಕಾದುದು ಇಷ್ಟೇ: ಕೆಲಸ ಮುಗಿದ ಮೇಲೆ ಒರೆಸಿ ತೆಂಗಿನೆಣ್ಣೆ ಸವರುವುದು, ಬೆಳಿಗ್ಗೆ ಮಸೆಗಲ್ಲಿಗೆ ಹಿಡಿಯುವುದು.

ಗಡಿ ದಾಟಿ ತರುವಾಗ

ಪುತ್ತೂರು, ವಿಟ್ಲ, ಸುಳ್ಯ ಕಡೆಯಿಂದ ಕತ್ತಿ ತರುವವರು ಹಲವರು. 1959ರ ಶಸ್ತ್ರಾಸ್ತ್ರ ಕಾಯ್ದೆ ಕೃಷಿಗೆ, ಮನೆಬಳಕೆಗೆ ಎಂದೇ ಮಾಡಿದ ವಸ್ತುಗಳನ್ನು ಆಯುಧದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಹಾಗೆಂದು ಬಸ್ಸಿನಲ್ಲಿ ಬರಿಗತ್ತಿ ಹಿಡಿದು ಬರುವುದು ಸರಿಯಲ್ಲ. ಅಲಗಿಗೆ ಗೋಣಿ ಸುತ್ತಿ, ಹಗ್ಗ ಕಟ್ಟಿ, ಅಂಗಡಿಯ ಚೀಟಿ ಜೊತೆಗಿಟ್ಟುಕೊಂಡರೆ ತಪಾಸಣೆಯಲ್ಲಿ ಗೊಂದಲವಾಗದು.

ಕತ್ತಿ ಎಷ್ಟೇ ಒಳ್ಳೆಯದಿದ್ದರೂ ಎಚ್ಚರ ಬಿಡಬಾರದು. ಪೊದೆಗೆ ಕೈ ಹಾಕುವ ಮೊದಲು ಕೋಲಿನಿಂದ ಬಡಿಯಬೇಕು, ಹಾವಿದ್ದರೆ ಸರಿಯುತ್ತದೆ. ಕೊಂಬೆಯನ್ನು ಎಡಗೈಯಲ್ಲಿ ಹಿಡಿಯುವ ಬದಲು ಕೊಕ್ಕೆ ಕೋಲಿನಿಂದ ಎಳೆಯಬೇಕು. ಬೀಸುವ ದಾರಿಯಲ್ಲಿ ಸ್ವಂತ ಕಾಲಾಗಲಿ, ಜೊತೆಯವರಾಗಲಿ ಇರಬಾರದು. ಗಾಯವಾದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ, ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಕೇಳಬೇಕು. ಕಮ್ಯುನಿಸ್ಟ್ ಪಚ್ಚವನ್ನು ಚಳಿಗಾಲದಲ್ಲಿ ಹೂ ಬಿಡುವ ಮೊದಲೇ ಕಡಿದರೆ ಅದರ ಬೀಜ ಗಾಳಿಗೆ ಹಾರದು, ಮುಂದಿನ ವರ್ಷ ಕತ್ತಿಗೂ ತೋಳಿಗೂ ಕೆಲಸ ಕಡಿಮೆ.