ಹೊಟ್ಟೆಯ ಸಡಿಲ ಚರ್ಮದ ಶಸ್ತ್ರಕ್ರಿಯೆ ಮತ್ತು ಮೈತೂಕ

ಬಹಳ ಬೊಜ್ಜು ಬೆಳೆದು ಅನಂತರ ಇಳಿದವರಲ್ಲಿಯೂ ಹಲವು ಬಾರಿ ಹೆತ್ತ ತಾಯಂದಿರಲ್ಲಿಯೂ ಹೊಟ್ಟೆಯ ಚರ್ಮವು ಜೋತುಬೀಳುವುದುಂಟು. ಆ ಮಡಿಕೆಯ ಅಡಿಯಲ್ಲಿ ಬೆವರು ನಿಂತು ನವೆ, ದುರ್ವಾಸನೆ, ಹುಣ್ಣು ಕಾಣಿಸಿಕೊಳ್ಳುತ್ತವೆ. ಹಿಗ್ಗಿದ ಚರ್ಮ ವ್ಯಾಯಾಮದಿಂದ ಬಿಗಿಯಾಗದು. ಅದನ್ನು ಕತ್ತರಿಸಿ ತೆಗೆಯುವ ಶಸ್ತ್ರಕ್ರಿಯೆ ಪುಣೆಯಲ್ಲಿಯೂ ನಡೆಯುತ್ತದೆ. ಶಿವಾಜಿನಗರದ ಆಸುಪಾಸಿನ ನಮ್ಮ ಬಾಂಧವರಲ್ಲಿ ಇದನ್ನು ಮಾಡಿಸಿಕೊಳ್ಳಲು ಯೋಚಿಸುವವರು ಖರ್ಚಿಗೆ ಮೊದಲು ತಮ್ಮ ತೂಕದ ವಿಚಾರ ಕೇಳುವುದು ಲೇಸು. ಇದು ತೂಕ ಇಳಿಸುವ ಉಪಾಯವಲ್ಲ. ಇಳಿದ ಮೇಲಿನ ಕೆಲಸ.

ಚರ್ಮ ಬದುಕುವುದು ರಕ್ತದಿಂದ. ಇದನ್ನು ಈ ಊರಿನವರು ಬಹಳ ಹಿಂದೆಯೇ ಬಲ್ಲರು. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ ಕಾವಸ್‌ಜಿ ಎಂಬವನಿಗೆ ಪುಣೆಯ ಬಳಿಯ, ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದ ಸಂಗತಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಬಿಡಿಸಿದ ಚರ್ಮದ ಒಂದು ತುದಿಯನ್ನು ಅಂಟಿಕೊಂಡಿರುವಂತೆಯೇ ಉಳಿಸಿ, ರಕ್ತದ ದಾರಿ ಕಾಯ್ದದ್ದೇ ಆ ಕೌಶಲದ ಗುಟ್ಟು.

ಹೊಟ್ಟೆಯಲ್ಲಿಯೂ ಅದೇ ನಿಯಮ. ವೈದ್ಯರು ಚರ್ಮವನ್ನು ಹೊಟ್ಟೆಯ ಕೆಳಭಾಗದಿಂದ ಮೇಲಕ್ಕೆ ಬಿಡಿಸಿ, ಹೆಚ್ಚಿನದನ್ನು ತೆಗೆದು, ಉಳಿದುದನ್ನು ಕೆಳಗೆಳೆದು ಹೊಲಿಯುತ್ತಾರೆ. ಹೊಲಿಗೆಯ ನಡುಭಾಗ ರಕ್ತದ ಮೂಲದಿಂದ ದೂರ. ಚರ್ಮದಡಿಯ ಕೊಬ್ಬಿನಲ್ಲಿ ರಕ್ತಸಂಚಾರ ಕಡಿಮೆ. ಆ ಪದರ ದಪ್ಪವಾದಷ್ಟೂ ನೀರು ತುಂಬುವುದು, ಕೀವಾಗುವುದು, ಹೊಲಿಗೆ ಬಿಚ್ಚುವುದು, ಚರ್ಮ ಕಪ್ಪಾಗಿ ಸಾಯುವುದು ಹೆಚ್ಚು. ಧೂಮಪಾನ ಮತ್ತು ಹಿಡಿತವಿಲ್ಲದ ಮಧುಮೇಹ ಸೇರಿದರೆ ಅಪಾಯ ಇನ್ನೂ ಏರುತ್ತದೆ.

ಹೊಟ್ಟೆಯೊಳಗೆ, ಕರುಳಿನ ಸುತ್ತ ಇರುವ ಕೊಬ್ಬನ್ನು ಈ ಕ್ರಿಯೆ ಮುಟ್ಟುವುದೇ ಇಲ್ಲ. ಅದು ಬಹಳವಿರುವಾಗ ಸ್ನಾಯುಗಳನ್ನು ಬಿಗಿದರೆ ಒಳಗಿನ ಒತ್ತಡ ಹೆಚ್ಚಿ ಉಸಿರಾಟ ಕಷ್ಟವಾಗುತ್ತದೆ. ಕಾಲಿನಿಂದ ರಕ್ತ ಹಿಂದಿರುಗುವುದು ನಿಧಾನವಾಗುತ್ತದೆ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ. ಆದುದರಿಂದಲೇ ಶಸ್ತ್ರಕ್ರಿಯೆಯಾದ ಮೇಲೆ ಬೇಗ ಎಬ್ಬಿಸಿ ನಡೆಸುತ್ತಾರೆ.

ತೂಕವನ್ನು ಕಿಲೋಗ್ರಾಂಗಳಲ್ಲಿಯೂ ಎತ್ತರವನ್ನು ಮೀಟರುಗಳಲ್ಲಿಯೂ ಹಿಡಿದು, ತೂಕವನ್ನು ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬರುವ ಅಂಕಿಯೇ ಬಿ.ಎಂ.ಐ. ಇದು 30ಕ್ಕಿಂತ ಕಡಿಮೆ ಇರಲೆಂದು ಅನೇಕ ಶಸ್ತ್ರವೈದ್ಯರು ಬಯಸುತ್ತಾರೆ. 160 ಸೆಂಟಿಮೀಟರ್ ಎತ್ತರದವರಿಗೆ ಅದು ಸುಮಾರು 77 ಕಿಲೋ. ಆದರೆ ನಮ್ಮವರು ಈ ಅಂಕಿಯನ್ನೇ ನೆಚ್ಚಬಾರದು. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮ ದೇಹಗಳನ್ನೇ ಹೋಲಿಸಿ ತೋರಿಸಿದರು: ಇಬ್ಬರ ಬಿ.ಎಂ.ಐ. 22.3, ಮೈಕೊಬ್ಬು ಮಾತ್ರ ಆಂಗ್ಲರಲ್ಲಿ ಶೇಕಡಾ 9.1, ನಮ್ಮವರಲ್ಲಿ 21.2! ಭಾರತೀಯ ತಜ್ಞರು 25ಕ್ಕೇ ಬೊಜ್ಜಿನ ಗೆರೆ ಎಳೆದಿರುವುದು ಇಂಥ ಕಾರಣಗಳಿಂದಲೇ. ಸೊಂಟದ ಸುತ್ತಳತೆ, ರಕ್ತದ ಸಕ್ಕರೆ, ರಕ್ತದೊತ್ತಡಗಳನ್ನೂ ನೋಡಿಸತಕ್ಕದ್ದು.

ತೂಕ ಕೆಲವು ತಿಂಗಳಾದರೂ ಒಂದೇ ಮಟ್ಟದಲ್ಲಿ ನಿಲ್ಲಬೇಕು. ಜಠರದ ಶಸ್ತ್ರಕ್ರಿಯೆಯಿಂದ ಇಳಿಸಿಕೊಂಡವರು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಕಾಯುತ್ತಾರೆ. ಅವರಲ್ಲಿ ರಕ್ತಹೀನತೆ, ಪ್ರೋಟೀನಿನ ಕೊರತೆ ಇದ್ದರೆ ಗಾಯ ಮಾಯದು. ಧೂಮಪಾನವನ್ನು ನಾಲ್ಕು ವಾರ ಮೊದಲಾದರೂ ಬಿಡಬೇಕು.

ಇನ್ನು, ಜೋಲುವ ಮಡಿಕೆಯಿಂದ ನಡೆಯಲಾರದವರಿಗೆ, ಹುಣ್ಣು ಮಾಯದವರಿಗೆ, ತೂಕ ಹೆಚ್ಚಿದ್ದರೂ ಶಸ್ತ್ರಕ್ರಿಯೆ ಬೇಕಾಗಬಹುದು. ಆಗ ಚರ್ಮವನ್ನು ಮೇಲಕ್ಕೆ ಹೆಚ್ಚು ಬಿಡಿಸದೆ, ಸ್ನಾಯು ಬಿಗಿಯದೆ, ಜೋಲುವ ಭಾಗವನ್ನಷ್ಟೇ ತೆಗೆಯುತ್ತಾರೆ. ಅಂದ ಅಷ್ಟಾಗಿ ಬಾರದು, ರೋಗಿ ನಡೆದಾಡುತ್ತಾನೆ.