ತೀರ್ಪುಗಾರನು ನಿಲ್ಲುವ ತಾಣ

ನ್ಯಾಯ ಹೇಳುವವನಿಗೆ ನಿಷ್ಪಕ್ಷಪಾತವಾದ ಮನಸ್ಸೊಂದಿದ್ದರೆ ಸಾಕೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಫುಟ್‌ಬಾಲ್ ಮೈದಾನವು ಇದಕ್ಕೆ ಇನ್ನೊಂದು ಮಾತನ್ನು ಸೇರಿಸುತ್ತದೆ. ಮನಸ್ಸು ಎಷ್ಟೇ ಶುದ್ಧವಾಗಿದ್ದರೂ ನಿಂತ ಜಾಗ ಸರಿಯಿಲ್ಲದಿದ್ದರೆ ತೀರ್ಪು ತಪ್ಪಬಹುದು.

1966ರ ಜುಲೈ 30ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ ನಡೆಯಿತು. ಇಂಗ್ಲೆಂಡ್ ಮತ್ತು ಪಶ್ಚಿಮ ಜರ್ಮನಿ ತಲಾ ಎರಡು ಗೋಲು ಗಳಿಸಿ ಸಮನಾಗಿದ್ದವು. ಹೆಚ್ಚುವರಿ ಅವಧಿಯಲ್ಲಿ ಇಂಗ್ಲೆಂಡಿನ ಜೆಫ್ ಹರ್ಸ್ಟ್ ಒದ್ದ ಚೆಂಡು ಗೋಲಿನ ಅಡ್ಡಪಟ್ಟಿಯ ಕೆಳಭಾಗಕ್ಕೆ ತಾಗಿ, ನೆಲಕ್ಕೆ ಬಡಿದು, ಹೊರಕ್ಕೆ ಪುಟಿಯಿತು. ಚೆಂಡು ಪೂರ್ತಿಯಾಗಿ ಗೆರೆ ದಾಟಿತೇ? ಸ್ವಿಟ್ಜರ್ಲೆಂಡಿನ ರೆಫರಿ ಗಾಟ್‌ಫ್ರೀಡ್ ಡೀನ್ಸ್ಟ್ ಅವರಿಗೆ ಖಚಿತವಾಗಲಿಲ್ಲ. ಅವರು ಅಂಚಿನಲ್ಲಿದ್ದ ಲೈನ್ಸ್‌ಮನ್ ತೋಫಿಕ್ ಬಹ್ರಾಮೊವ್ ಅವರ ಬಳಿಗೆ ಹೋಗಿ ವಿಚಾರಿಸಿದರು. ಬಹ್ರಾಮೊವ್ ಹೌದೆಂದರು. ಇಂಗ್ಲೆಂಡ್ 4–2ರಿಂದ ಕಪ್ ಗೆದ್ದಿತು. ಆದರೆ ಆ ಕ್ಷಣದಲ್ಲಿ ಬಹ್ರಾಮೊವ್ ಗೋಲುಗೆರೆಯ ನೇರಕ್ಕಿರದೆ, ಅದರಿಂದ ಈಚೆಗೆ ನಿಂತಿದ್ದರು. ಆ ಗೋಲಿನ ಬಗೆಗಿನ ವಾದ ಇಂದಿಗೂ ಮುಗಿದಿಲ್ಲ.

ಹಾಗಾದರೆ ತೀರ್ಪುಗಾರರು ಎಲ್ಲಿ ನಿಲ್ಲಬೇಕು? ಅಂತರರಾಷ್ಟ್ರೀಯ ಪಂದ್ಯಗಳ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲವಿರುತ್ತದೆ. ಇಷ್ಟು ವಿಶಾಲವಾದ ಬಯಲನ್ನು ಒಬ್ಬನೇ ನೋಡುವುದು ಅಸಾಧ್ಯ. ಆದ್ದರಿಂದ ರೆಫರಿಯು ಒಂದು ಮೂಲೆಯ ಕಡೆಯಿಂದ ಎದುರಿನ ಮೂಲೆಯ ಕಡೆಗೆ ಓರೆಯಾಗಿ ಓಡಾಡುತ್ತಾನೆ. ಅವನ ದಾರಿಯಿಂದ ದೂರವಾಗಿ ಉಳಿಯುವ ಎರಡು ಪಾರ್ಶ್ವಗಳಲ್ಲಿ ಇಬ್ಬರು ಸಹಾಯಕರು, ಒಬ್ಬೊಬ್ಬರು ಅರ್ಧ ಮೈದಾನವನ್ನು ನೋಡಿಕೊಳ್ಳುತ್ತಾರೆ. ಈ ಕರ್ಣಪದ್ಧತಿಯನ್ನು ರೂಢಿಗೆ ತಂದ ಕೀರ್ತಿ ಮುಂದೆ ಫಿಫಾ ಅಧ್ಯಕ್ಷರಾದ ಇಂಗ್ಲೆಂಡಿನ ಸ್ಟಾನ್ಲಿ ರೌಸ್ ಅವರಿಗೆ ಸಲ್ಲುತ್ತದೆ.

ಇದರ ಮರ್ಮ ಸರಳವಾದುದು. ಆಟವು ಸದಾ ರೆಫರಿ ಮತ್ತು ಸಹಾಯಕ, ಈ ಇಬ್ಬರ ನಡುವೆ ಇರಬೇಕು. ಒಬ್ಬನಿಗೆ ಆಟಗಾರನ ಬೆನ್ನು ಕಂಡರೆ ಇನ್ನೊಬ್ಬನಿಗೆ ಎದೆ ಕಾಣುತ್ತದೆ. ಒಬ್ಬನಿಗೆ ಮರೆಯಾದ ಕೈಯ ತಳ್ಳಾಟ ಮತ್ತೊಬ್ಬನಿಗೆ ಗೋಚರವಾಗುತ್ತದೆ. ಇಬ್ಬರೂ ಒಂದೇ ಕಡೆ ನಿಂತರೆ ಕಣ್ಣು ನಾಲ್ಕಾದರೂ ನೋಟ ಒಂದೇ.

ಸಹಾಯಕನಿಗೆ ಅತ್ಯಂತ ಕಠಿಣವಾದ ಕೆಲಸ ಆಫ್‌ಸೈಡ್ ನಿರ್ಣಯ. ಎದುರು ಪಕ್ಷದವರ ಗೋಲುಗೆರೆಗೆ ಸಮೀಪದಲ್ಲಿರುವ ಇಬ್ಬರಲ್ಲಿ ಎರಡನೆಯವನ ನೇರಕ್ಕೆ ಅವನು ಸದಾ ಇರಬೇಕು. ಚೆಂಡು ಆತನಿಗಿಂತಲೂ ಗೆರೆಗೆ ಹತ್ತಿರವಿದ್ದರೆ ಚೆಂಡಿನ ನೇರಕ್ಕೆ ಸರಿಯಬೇಕು. ಗೋಡೆ ಗಡಿಯಾರದ ಮುಳ್ಳನ್ನು ಪಕ್ಕದಿಂದ ಓರೆಯಾಗಿ ನೋಡಿದರೆ ವೇಳೆ ತಪ್ಪಾಗಿ ಕಾಣುವುದಿಲ್ಲವೇ? ಇದೂ ಹಾಗೆಯೇ. ಸಹಾಯಕನು ಒಂದೇ ಒಂದು ಮೀಟರ್ ಗೋಲಿನ ಕಡೆಗೆ ಮುಂದಿದ್ದಾನೆನ್ನೋಣ. ರಕ್ಷಕನಿಗೆ ಸಮನಾಗಿ, ಆದರೆ ಅವನಿಂದ ಆಚೆಯ ಪಾರ್ಶ್ವದಲ್ಲಿರುವ ಆಟಗಾರನು ಗೋಲಿಗೆ ಹತ್ತಿರವಿರುವಂತೆ ಕಾಣುತ್ತಾನೆ. ನಿರ್ದೋಷಿಯ ಮೇಲೆ ಬಾವುಟ ಏಳುತ್ತದೆ. ಈಚೆಯ ಪಾರ್ಶ್ವದಲ್ಲಿ ತುಸು ಮುಂದಿರುವವನು ಹಿಂದಿರುವಂತೆ ಕಂಡು, ತಪ್ಪಿತಸ್ಥನು ಪಾರಾಗುತ್ತಾನೆ. ಆದ್ದರಿಂದಲೇ ಸಹಾಯಕರು ಮೈದಾನಕ್ಕೆ ಮುಖಮಾಡಿ ಅಡ್ಡಹೆಜ್ಜೆಗಳಲ್ಲಿ ಸರಿಯುವುದನ್ನು ಅಭ್ಯಾಸ ಮಾಡುತ್ತಾರೆ.

ನಿಯಮದಂತೆ ನಿಂತರೂ ಕೆಲವೊಮ್ಮೆ ನ್ಯಾಯ ಕೈತಪ್ಪುತ್ತದೆ. 2010ರ ಜೂನ್ 27ರಂದು ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನ್‌ನಲ್ಲಿ ಮತ್ತೆ ಇಂಗ್ಲೆಂಡ್ ಮತ್ತು ಜರ್ಮನಿ ಎದುರಾದವು. ಫ್ರಾಂಕ್ ಲ್ಯಾಂಪಾರ್ಡ್ ದೂರದಿಂದ ಒದ್ದ ಚೆಂಡು ಅಡ್ಡಪಟ್ಟಿಗೆ ತಾಗಿ ಸ್ಪಷ್ಟವಾಗಿ ಗೆರೆಯೊಳಗೆ ಬಿದ್ದು ಹೊರಬಂದಿತು. ಗೋಲು ದೊರೆಯಲಿಲ್ಲ. ಆಫ್‌ಸೈಡ್ ನೋಡಲು ರಕ್ಷಕರ ನೇರಕ್ಕಿರಬೇಕಾದ ಸಹಾಯಕನು, ಚೆಂಡು ಹಾರಿದಷ್ಟು ಬೇಗನೆ ಗೋಲುಗೆರೆಗೆ ಓಡಿಹೋಗಲು ಯಾವ ಮನುಷ್ಯನಿಗೂ ಸಾಧ್ಯವಿರಲಿಲ್ಲ. ಇಂಗ್ಲೆಂಡ್ 1–4ರಿಂದ ಸೋತು ಹೊರನಡೆಯಿತು. 2012ರಲ್ಲಿ ಗೋಲುಗೆರೆಯನ್ನು ಯಂತ್ರದಿಂದ ಪರೀಕ್ಷಿಸಲು ಒಪ್ಪಿಗೆ ದೊರೆತು, 2014ರ ವಿಶ್ವಕಪ್ಪಿನಲ್ಲಿ ಅದು ಬಳಕೆಗೆ ಬಂದಿತು. 2018ರ ವಿಶ್ವಕಪ್ಪಿನಿಂದ ವಿಡಿಯೊ ನೋಡಿ ತೀರ್ಪನ್ನು ತಿದ್ದುವ ವ್ಯವಸ್ಥೆಯೂ ಸೇರಿತು.

ಆದರೆ ಇಂತಹ ಯಂತ್ರಗಳು ದೊಡ್ಡ ಪಂದ್ಯಗಳಿಗೆ ಮಾತ್ರ ಒದಗುತ್ತವೆ. ಶಾಲೆಯ ಬಯಲಿನಲ್ಲಿ, ಊರಿನ ಪಂದ್ಯಾವಳಿಯಲ್ಲಿ ನ್ಯಾಯವು ಇಂದಿಗೂ ಮನುಷ್ಯನ ಕಾಲು ಮತ್ತು ಕಣ್ಣುಗಳನ್ನೇ ನೆಚ್ಚಿಕೊಂಡಿದೆ. 1996ರಲ್ಲಿ ನಿಯಮಪುಸ್ತಕವು ಲೈನ್ಸ್‌ಮನ್ ಎಂಬ ಹೆಸರನ್ನು ಬಿಟ್ಟು ಸಹಾಯಕ ರೆಫರಿ ಎಂದು ಕರೆದದ್ದು ಉಚಿತವೇ ಆಗಿದೆ. ಅವನು ಕೇವಲ ಗೆರೆ ಕಾಯುವವನಲ್ಲ, ತೀರ್ಪಿನಲ್ಲಿ ಪಾಲುಗಾರ.

ಮುಂದಿನ ಸಲ ಮನೆಮಂದಿಯೆಲ್ಲ ದೂರದರ್ಶನದ ಮುಂದೆ ಕುಳಿತು ಪಂದ್ಯ ನೋಡುವಾಗ, ಅಂಚಿನಲ್ಲಿ ಬಾವುಟ ಹಿಡಿದು ಓಡುವವನನ್ನೂ ಮಕ್ಕಳಿಗೆ ತೋರಿಸೋಣ. ಅವನ ತೀರ್ಪು ನಮಗೆ ಒಪ್ಪಿಗೆಯಾಗದಿದ್ದರೆ ನಿಂದಿಸುವ ಮೊದಲು, ಅವನು ಎಲ್ಲಿಂದ ನೋಡಿದನು, ನಾವು ಎಲ್ಲಿಂದ ನೋಡುತ್ತಿದ್ದೇವೆ ಎಂದು ಒಮ್ಮೆ ಕೇಳಿಕೊಳ್ಳುವುದು ಒಳಿತು.