ಬಾಲ, ಕುಚ್ಚು, ಪುಕ್ಕ, ಸೋಗೆ: ವ್ಯತ್ಯಾಸ ಅರಿಯಿರಿ



ಹಸುವಿನ ಹಿಂದೆ ಜೋಲಾಡುವುದೂ ಬಾಲ, ಕೋಳಿಯ ಹಿಂದೆ ನಿಮಿರಿ ನಿಂತಿರುವುದೂ ಬಾಲ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ದಿನದ ಮಾತುಕತೆಗೆ ಇಷ್ಟು ಸಾಕು. ಆದರೆ ರಾಸಿನ ಕಾಯಿಲೆಯನ್ನು ಪಶುವೈದ್ಯರಿಗೆ ವಿವರಿಸುವಾಗ, ವಿಮೆಗಾಗಿ ರಾಸಿನ ಗುರುತು ಬರೆಸುವಾಗ ಇಷ್ಟೇ ಸಾಲದು. ನಮ್ಮ ನುಡಿಯಲ್ಲಿ ಇದಕ್ಕೆ ಬೇರೆ ಬೇರೆ ಹೆಸರುಗಳಿವೆ. ಅವುಗಳನ್ನು ಸರಿಯಾಗಿ ಬಳಸಿದರೆ ನಷ್ಟ ತಪ್ಪುತ್ತದೆ.

ಹೆಸರುಗಳು

'ಬಾಲ' ಎಂಬುದು ಎಲ್ಲಕ್ಕೂ ಸಲ್ಲುವ ಮಾತು. ತಮಿಳಿನಲ್ಲಿ ಇದನ್ನು 'ವಾಲ್' ಎಂದೂ ತುಳುವಿನಲ್ಲಿ 'ಬೀಲ' ಎಂದೂ ಕರೆಯುತ್ತಾರೆ. 'ಪುಚ್ಛ', 'ಲಾಂಗೂಲ' ಎಂಬವು ಸಂಸ್ಕೃತದಿಂದ ಬಂದವು. ಇವು ಪುರಾಣ ಪುಸ್ತಕಗಳಲ್ಲಿ ಹೆಚ್ಚು, ಕೊಟ್ಟಿಗೆಯಲ್ಲಿ ಕಡಿಮೆ. ಗಾಳಿಪಟಕ್ಕೆ ಕಟ್ಟುವ ಬಾಲವೇ 'ಬಾಲಂಗೋಚಿ'.

ಹಕ್ಕಿಯ ಹಿಂಭಾಗದ ಗರಿಗಳಿಗೆ 'ಪುಕ್ಕ' ಎನ್ನುವುದು ರೂಢಿ. ಹಕ್ಕಿಯ ನಿಜವಾದ ಬಾಲವೆಂದರೆ ಆ ಗರಿಗಳು ನಾಟಿಕೊಂಡಿರುವ ಗಿಡ್ಡ ಮಾಂಸದ ಗುಬುಟು ಮಾತ್ರ. ಕೋಳಿಯಲ್ಲಿ ಅದರ ಮೇಲ್ಭಾಗದಲ್ಲಿ ಎಣ್ಣೆಯ ಗ್ರಂಥಿಯಿರುತ್ತದೆ. ಕೋಳಿ ಅಲ್ಲಿಂದ ಕೊಕ್ಕಿಗೆ ಎಣ್ಣೆ ಹಚ್ಚಿಕೊಂಡು ಗರಿಗಳಿಗೆ ಸವರುತ್ತದೆ. ಅದನ್ನು ಗಂಟು ಅಥವಾ ಕುರು ಎಂದು ಭಾವಿಸಬೇಡಿರಿ.

ನವಿಲಿನದು 'ಸೋಗೆ'. ಅಡಿಕೆಯ ಮತ್ತು ಕಬ್ಬಿನ ಗರಿಗೂ ನಾವು ಇದೇ ಮಾತನ್ನು ಬಳಸುತ್ತೇವೆ. ಕಣ್ಣುಕಣ್ಣಿನ ಆ ಉದ್ದ ಗರಿಗಳು ನವಿಲಿನ ಬಾಲವಲ್ಲ, ಬಾಲದ ಮೇಲೆ ಹೊದಿಸಿದ ಗರಿಗಳು. ನಿಜವಾದ ಬಾಲದ ಗರಿಗಳು ಗಿಡ್ಡವಾಗಿ ಕಂದು ಬಣ್ಣದಲ್ಲಿದ್ದು, ಸೋಗೆ ಬಿಚ್ಚಿದಾಗ ಹಿಂದಿನಿಂದ ಅದಕ್ಕೆ ಆಸರೆಯಾಗಿ ನಿಲ್ಲುತ್ತವೆ.

ರಾಸಿನ ಬಾಲದಲ್ಲಿ ಮೂರು ಭಾಗ

1. ಬಾಲದ ಬುಡ: ಹಸು ಈಯುವ ಒಂದೆರಡು ದಿನ ಮೊದಲು ಇದರ ಎರಡೂ ಪಕ್ಕದ ಕಟ್ಟುಗಳು ಸಡಿಲಗೊಂಡು ಗುಳಿ ಬೀಳುತ್ತವೆ. ಹಸು ಬೆದೆಗೆ ಬಂದಾಗ ಬೇರೆ ಹಸುಗಳು ಮೇಲೆ ಹಾರುವುದರಿಂದ ಇಲ್ಲಿಯ ಕೂದಲು ಕೆದರಿರುತ್ತದೆ. ಲೋಳೆಯೂ ಬಾಲಕ್ಕೆ ಅಂಟಿಕೊಂಡಿರಬಹುದು. ಬೆಳಿಗ್ಗೆ ಈ ಚಿಹ್ನೆಗಳನ್ನು ಕಂಡರೆ ಅದೇ ದಿನ ಸಂಜೆ ಗರ್ಭಧಾರಣೆ ಮಾಡಿಸುವುದು ಸೂಕ್ತ.

2. ಬಾಲದ ಮೂಳೆ: ಇದರಲ್ಲಿ ಸಾಮಾನ್ಯವಾಗಿ 18ರಿಂದ 20 ಸಣ್ಣ ಮೂಳೆಗಳ ಸಾಲು ಇರುತ್ತದೆ. ಬಾಲದ ಕೆಳಮೈಯಲ್ಲಿ ರಕ್ತನಾಳ ಹರಿಯುವುದರಿಂದ ವೈದ್ಯರು ಅಲ್ಲಿ ನಾಡಿ ನೋಡುತ್ತಾರೆ. ಉಳುವಾಗ ಎತ್ತು ಮುಂದೆ ಸಾಗಲೆಂದು ಬಾಲ ತಿರುಚುವವರುಂಟು. ಇದರಿಂದ ಮೂಳೆ ಮುರಿದು ಬಾಲ ಸೊಟ್ಟಗಾಗುತ್ತದೆ. ಆಮೇಲೆ ಎತ್ತು ನೊಣ ಓಡಿಸಿಕೊಳ್ಳಲಾರದು, ಸಂತೆಯಲ್ಲಿ ಬೆಲೆಯೂ ಬಾರದು. ಈ ಕೆಟ್ಟ ಅಭ್ಯಾಸವನ್ನು ಬಿಡಬೇಕು.

3. ಕುಚ್ಚು: ತುದಿಯ ಉದ್ದ ಕೂದಲಿನ ಗೊಂಚಲೇ ಕುಚ್ಚು. ಹಳ್ಳಿಕಾರ್ ಮತ್ತು ಅಮೃತಮಹಲ್ ತಳಿಗಳಲ್ಲಿ ಇದು ಕಪ್ಪು. ಸುರ್ತಿ ಎಮ್ಮೆಯಲ್ಲಿ ಬಿಳಿ. ಚಮರೀಮೃಗದ ಕುಚ್ಚೇ ದೇವಸ್ಥಾನದ ಚಾಮರ.

ಕುರಿಯಲ್ಲಿ ಬಾಲದ ಗಾತ್ರವೂ ತಳಿಯ ಗುರುತು. ನಮ್ಮ ಬನ್ನೂರು ಕುರಿಯ ಬಾಲ ಗಿಡ್ಡ ಮತ್ತು ತೆಳುವು. ದುಂಬ ಕುರಿಯದು ಕೊಬ್ಬು ತುಂಬಿದ ದಪ್ಪ ಬಾಲ. ಮೇವಿಲ್ಲದ ಕಾಲದಲ್ಲಿ ಆ ಕೊಬ್ಬು ಅದಕ್ಕೆ ಆಧಾರ.

ಹೆಸರು ತಪ್ಪಿದರೆ ನಷ್ಟ

ವಿಮೆಗಾಗಿ ಪಶುವೈದ್ಯರು ಕೊಡುವ ಪ್ರಮಾಣಪತ್ರದಲ್ಲಿ ಕಿವಿಯೋಲೆಯ ಸಂಖ್ಯೆ, ಮೈಬಣ್ಣ, ಕೊಂಬಿನ ಆಕಾರಗಳ ಜೊತೆಗೆ ಕುಚ್ಚಿನ ಬಣ್ಣವನ್ನೂ ಬರೆಯುವುದು ವಾಡಿಕೆ. ನಿಮ್ಮ ಹಸುವಿನ ಬಾಲ ಬಿಳಿ, ಕುಚ್ಚು ಕಪ್ಪು ಎಂದುಕೊಳ್ಳಿ. ಪತ್ರದಲ್ಲಿ ಬರೇ 'ಬಾಲ ಕಪ್ಪು' ಎಂದು ಬರೆಸಿದರೆ, ಹಸು ಸತ್ತಾಗ ಇದು ಅದೇ ರಾಸೇ ಎಂಬ ಪ್ರಶ್ನೆ ಏಳಬಹುದು. ಕಿವಿಯೋಲೆಯೂ ಬಿದ್ದುಹೋಗಿದ್ದರೆ ತೊಂದರೆ ಇಮ್ಮಡಿ. ಆದ್ದರಿಂದ ಸಹಿ ಹಾಕುವ ಮುನ್ನ ಪತ್ರವನ್ನು ಓದಿ, ರಾಸಿನೊಡನೆ ಹೋಲಿಸಿ ನೋಡಿರಿ.

ಕಾಯಿಲೆಯ ವಿಷಯವೂ ಹೀಗೆಯೇ. ಉತ್ತರ ಭಾರತದ ಭತ್ತದ ಸೀಮೆಯಲ್ಲಿ ಬೂಷ್ಟು ಹಿಡಿದ ಹುಲ್ಲು ತಿಂದ ಎಮ್ಮೆಗಳಿಗೆ ಡೆಗ್ನಾಲ ಎಂಬ ಬೇನೆ ಬರುತ್ತದೆ. ಅದರಲ್ಲಿ ಬಾಲದ ತುದಿ, ಕಿವಿಯ ತುದಿ ಮತ್ತು ಕಾಲುಗಳ ಕೆಳಭಾಗ ಕೊಳೆತು ಒಣಗುತ್ತವೆ. ಬುಡದ ಗಾಯಕ್ಕೆ ಕಾರಣ ಬೇರೆಯೇ ಇರಬಹುದು. 'ಬಾಲಕ್ಕೆ ಏನೋ ಆಗಿದೆ' ಎಂದರೆ ವೈದ್ಯರಿಗೆ ಏನೂ ತಿಳಿಯದು. ಬುಡವೋ, ಮೂಳೆಯೋ, ತುದಿಯೋ, ಎಂದಿನಿಂದ, ಯಾವ ಮೇವು ಹಾಕಿದಿರಿ ಎಂಬುದನ್ನು ಬಿಡಿಸಿ ಹೇಳಿರಿ. ಬೂಷ್ಟು ಹಿಡಿದ ಹುಲ್ಲನ್ನು ಎಂದಿಗೂ ರಾಸಿಗೆ ಹಾಕಬೇಡಿರಿ.

ಇಂದು ಸಂಜೆ ಕೊಟ್ಟಿಗೆಗೆ ಹೋದಾಗ ಪ್ರತಿ ರಾಸಿನ ಕುಚ್ಚಿನ ಬಣ್ಣವನ್ನು ನೋಡಿ ಒಂದು ಪುಸ್ತಕದಲ್ಲಿ ಬರೆದಿಡಿರಿ.